ಇಪ್ಪತ್ತು ನಿಮಿಷದ ರಮದಾನ್

2005ರ ಅಕ್ಟೋಬರ್, ರಮಝಾನ್ ತಿಂಗಳು. ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮುಂದಿನ ಕೋಣೆಯಲ್ಲಿ ಐದು ಮಂದಿ ಕುಳಿತಿದ್ದರು. ಸೂರ್ಯ ಮುಳುಗಲು ಇನ್ನು ಹತ್ತು ನಿಮಿಷವಿತ್ತು. ನನ್ನ ಪಾಲಿನ ಚಹಾವನ್ನು ಮುಚ್ಚಿಟ್ಟು, ಗೋಡೆಯ ಗಡಿಯಾರವನ್ನು ನನಗಿಂತ ಹೆಚ್ಚು ಸಲ ನೋಡುತ್ತಿದ್ದವರು ಮನೆಯ ಯಜಮಾನರು. ಅವರು ಅಚ್ಚುಕೂಟವೊಂದರಲ್ಲಿ ದುಡಿದು ನಿವೃತ್ತರಾದವರು. ತಟ್ಟೆಯಲ್ಲಿ ನಾನು ತಂದಿಟ್ಟ ಖರ್ಜೂರವಿತ್ತು. ಬಂದವರಲ್ಲಿ ಒಬ್ಬರು ಶಾಲಾ ಮೇಷ್ಟ್ರು. ಅವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ ಕೇಳಿದರು:

"ರಮದಾನ್ ಅಂತ ಅವನದೊಂದು ರೆಕಾರ್ಡಿಂಗ್ ಇದೆ. ನಾವು ಯಾರೂ ಕೇಳಿಲ್ಲ. ಆ ಹೆಸರು ಯಾಕೆ ಇಟ್ಟಿರಬಹುದು? ಇದನ್ನು ನೀವೇ ಹೇಳಬೇಕು."

ಎಲ್ಲರೂ ನನ್ನ ಮುಖವನ್ನೇ ನೋಡತೊಡಗಿದರು. ಮುಸ್ಲಿಮನಾಗಿ ಹುಟ್ಟಿದವನಿಗೆ ಜಗತ್ತಿನ ಏನೇನೋ ವಿಷಯಗಳ ಬಗ್ಗೆ ಸಮಜಾಯಿಷಿ ಕೊಡಬೇಕಾಗಿ ಬರುವುದು ಹೊಸದೇನಲ್ಲ. ಆದರೆ ಒಬ್ಬ ಇಂಗ್ಲಿಷ್ ರಾಕ್ ಹಾಡುಗಾರ 1968ರಲ್ಲಿ ಮಾಡಿಟ್ಟ, ಯಾರೂ ಕೇಳದ ಸಂಗೀತದ ಹೆಸರಿಗೂ ನಾನು ಜವಾಬ್ದಾರನಾಗುತ್ತೇನೆಂದು ಎಣಿಸಿರಲಿಲ್ಲ. "ಬೆಳಗಿನಿಂದ ಏನೂ ತಿಂದಿಲ್ಲ, ತಲೆ ಓಡುತ್ತಿಲ್ಲ" ಎಂದೆ. ಎಲ್ಲರೂ ನಕ್ಕರು.

ಅವರು 'ಅವನು' ಎನ್ನುತ್ತಿದ್ದದ್ದು ಸಿಡ್ ಬ್ಯಾರೆಟ್‌ನನ್ನು. ನಾನು ಆ ಹೆಸರನ್ನು ಮೊದಲು ಕೇಳಿದ್ದು ಬೆಂಗಳೂರಿನಲ್ಲಿ. 2002ರಲ್ಲಿ ರೋಜರ್ ವಾಟರ್ಸ್ ಅರಮನೆ ಮೈದಾನದಲ್ಲಿ ಹಾಡಲು ಬಂದಾಗ ಗೆಳೆಯನೊಬ್ಬ ನನ್ನನ್ನು ಎಳೆದುಕೊಂಡು ಹೋಗಿದ್ದ. ಪಿಂಕ್ ಫ್ಲಾಯ್ಡ್ ಎಂದರೆ ಬೆಂಗಳೂರಿನ ಹುಡುಗರಿಗೆ ಆಗ ಒಂದು ವ್ರತದ ಹಾಗೆ. ಒಂದು ದೀರ್ಘ ಹಾಡಿನ ನಡುವೆ ಗೆಳೆಯ ನನ್ನ ಕಿವಿಯಲ್ಲಿ, "ಇದು ಅವರ ಗುಂಪಿನಿಂದ ಕಳೆದುಹೋದವನ ಮೇಲೆ ಕಟ್ಟಿದ ಹಾಡು, ಅವನು ಇನ್ನೂ ಬದುಕಿದ್ದಾನೆ" ಎಂದು ಕೂಗಿ ಹೇಳಿದ. ಬದುಕಿರುವವನ ಮೇಲೆ ಚರಮಗೀತೆಯೇ ಎಂದು ನನಗೆ ಅಚ್ಚರಿಯಾಗಿತ್ತು. ಎರಡು ವರ್ಷದ ಮೇಲೆ ಕೆಲಸದ ಮೇಲೆ ಕೇಂಬ್ರಿಜ್‌ಗೆ ಹೋದಾಗ, ಆ ಮನುಷ್ಯ ಅದೇ ಊರಿನಲ್ಲಿದ್ದಾರೆ ಎಂಬುದು ಗೊತ್ತಾಯಿತು. ನನ್ನ ಬಾಡಿಗೆ ಮನೆಯ ಯಜಮಾನರು ಆತನ ಹುಚ್ಚು ಅಭಿಮಾನಿ ಎಂಬುದು ಗೊತ್ತಾದದ್ದು ಇನ್ನೂ ಆಮೇಲೆ, ಗೋಡೆ ತುಂಬ ಜೋಡಿಸಿಟ್ಟ ಕ್ಯಾಸೆಟ್ಟುಗಳನ್ನು ಕಂಡ ಮೇಲೆ.

ತಿಳಿಯದವರಿಗಾಗಿ ನಾಲ್ಕು ಮಾತು. ಹುಟ್ಟಿದಾಗಿನ ಹೆಸರು ರೋಜರ್ ಕೀತ್ ಬ್ಯಾರೆಟ್, 1946ರ ಜನವರಿ 6ರಂದು ಕೇಂಬ್ರಿಜ್‌ನಲ್ಲಿ. ಅಪ್ಪ ವೈದ್ಯವಿಜ್ಞಾನಿ; ಮಗನಿಗೆ ಹದಿನೈದಿದ್ದಾಗಲೇ ತೀರಿಕೊಂಡರು. ಹುಡುಗ ಚಿತ್ರಕಲೆ ಕಲಿಯಲು ಲಂಡನ್ನಿಗೆ ಹೋದ. ಅಲ್ಲಿ ಕೂಡಿಕೊಂಡ ಗೆಳೆಯರ ಗುಂಪಿಗೆ, ಪಿಂಕ್ ಆಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಕರಿಯ ಬ್ಲೂಸ್ ಗಾಯಕರ ಹೆಸರಿನ ತುಂಡುಗಳನ್ನು ಜೋಡಿಸಿ ಪಿಂಕ್ ಫ್ಲಾಯ್ಡ್ ಎಂದು ಕರೆದವನು ಅವನೇ. 1967ರಲ್ಲಿ ಅವರ ಮೊದಲ ಎಲ್‌ಪಿ ಬಂತು. ಹೆಚ್ಚುಕಡಿಮೆ ಎಲ್ಲ ಹಾಡೂ ಅವನವೇ: ಬೆಕ್ಕು, ಬೈಸಿಕಲ್ಲು, ಬೆದರುಬೊಂಬೆ, ನಕ್ಷತ್ರ. ಮಕ್ಕಳ ಕತೆಯೂ ದುಃಸ್ವಪ್ನವೂ ಒಂದೇ ಹಾಡಿನಲ್ಲಿ. ಆ ಸಂಗೀತಕ್ಕೆ ಸೈಕೆಡೆಲಿಕ್ ಎಂದು ಹೆಸರು. ಅದೇ ವರ್ಷದ ಕೊನೆಗೆ ಅವನ ಮನಸ್ಸು ಹಳಿ ತಪ್ಪಿತು. ವೇದಿಕೆಯ ಮೇಲೆ ನಿಂತು ಏನನ್ನೂ ನುಡಿಸದೆ ಇರುತ್ತಿದ್ದ. 1968ರ ಜನವರಿಯ ಒಂದು ದಿನ ಕಾರ್ಯಕ್ರಮಕ್ಕೆ ಹೊರಟ ಗೆಳೆಯರು, ಇವತ್ತು ಅವನನ್ನು ಹತ್ತಿಸಿಕೊಳ್ಳುವುದು ಬೇಡ ಎಂದುಕೊಂಡರು. ಹತ್ತಿಸಿಕೊಳ್ಳಲಿಲ್ಲ. ಅಷ್ಟೇ.

ಕಾರಣ ಏನೆಂಬ ವಾದವನ್ನು ನಮ್ಮ ಶನಿವಾರದ ಕೂಟದಲ್ಲಿ ನಾನು ಹತ್ತಾರು ಸಲ ಕೇಳಿದ್ದೇನೆ. ಎಲ್‌ಎಸ್‌ಡಿ ಎಂಬ ಮಾದಕ ವಸ್ತು ಎಂದು ಕೆಲವರು. ಮೊದಲೇ ಒಳಗಿದ್ದ ಕಾಯಿಲೆ ಎಂದು ಕೆಲವರು. ಪ್ರಚಾರದ ಗಾಣಕ್ಕೆ ಸಿಕ್ಕ ಸೂಕ್ಷ್ಮ ಮನಸ್ಸಿನ ಹುಡುಗ ಎಂದು ಚಿತ್ರಕಲೆ ಓದುತ್ತಿದ್ದ ಹುಡುಗಿ. ನನಗೆ ಆ ವಾದದಲ್ಲಿ ರುಚಿ ಹುಟ್ಟಲಿಲ್ಲ. ಊರಿನಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಬಂದರೆ ಜಗಲಿಯಲ್ಲಿ ಕೂತವರು ಮಾಡುವ ತೀರ್ಮಾನಗಳಿಗೂ ಇದಕ್ಕೂ ಬಹಳ ವ್ಯತ್ಯಾಸ ಕಾಣಲಿಲ್ಲ.

ಆದರೆ ಹಾಡುಗಳ ಮೇಲಿನ ಜಗಳ ಬೇರೆ. ಅದರಲ್ಲಿ ನಾನೂ ಸೇರಿಕೊಳ್ಳುತ್ತಿದ್ದೆ.

ಗುಂಪಿನಿಂದ ಹೊರಬಿದ್ದ ಮೇಲೆ ಸಿಡ್ ಒಬ್ಬನೇ ಎರಡು ಎಲ್‌ಪಿ ಮಾಡಿದ. 'ದ ಮ್ಯಾಡ್‌ಕ್ಯಾಪ್ ಲಾಫ್ಸ್' 1970ರ ಜನವರಿಯಲ್ಲಿ ಬಂತು. 'ಬ್ಯಾರೆಟ್' ಅದೇ ವರ್ಷ ನವೆಂಬರಿನಲ್ಲಿ. ಅಲ್ಲಿಗೆ ಮುಗಿಯಿತು. ವಯಸ್ಸು 24. ಮೊದಲನೆಯದನ್ನು ಮುಗಿಸಿಕೊಟ್ಟವರು ಅವನನ್ನು ಬಿಟ್ಟು ಹೋಗಿದ್ದ ಗುಂಪಿನವರೇ: ರೋಜರ್ ವಾಟರ್ಸ್ ಮತ್ತು ಅವನ ಜಾಗಕ್ಕೆ ಬಂದಿದ್ದ ಬಾಲ್ಯದ ಗೆಳೆಯ ಡೇವಿಡ್ ಗಿಲ್ಮೋರ್. ಆ ಎಲ್‌ಪಿಯ ಎರಡನೆಯ ಬದಿಯಲ್ಲಿ ಒಂದು ಹಾಡು ಶುರುವಾಗುವ ಮೊದಲೇ ಮುರಿದು ಬೀಳುತ್ತದೆ. ದನಿ ಏರಲು ಹೋಗಿ ಒಡೆಯುತ್ತದೆ, ನಿಲ್ಲುತ್ತದೆ. ಅವನು ಏನೋ ಗೊಣಗುತ್ತಾನೆ, ಮತ್ತೆ ಶುರು ಮಾಡುತ್ತಾನೆ. ಇದನ್ನೆಲ್ಲ ಕತ್ತರಿಸದೆ ಎಲ್‌ಪಿಯಲ್ಲಿ ಹಾಗೇ ಬಿಟ್ಟಿದ್ದಾರೆ.

ಯಾಕೆ ಬಿಟ್ಟರು? ಕೂಟದ ಶಾಶ್ವತ ಜಗಳ ಇದು. ಅದೇ ಎಲ್‌ಪಿಯ ಮೊದಲರ್ಧಕ್ಕೆ ನಿರ್ಮಾಪಕನಾಗಿದ್ದ ಮಾಲ್ಕಮ್ ಜೋನ್ಸ್ ತಾನು ಮುಂದೆ ಬರೆದ ಪುಟ್ಟ ಪುಸ್ತಕದಲ್ಲಿ ಇದಕ್ಕೆ ಬೇಸರಪಟ್ಟಿದ್ದಾನೆ. ಇದು ಪ್ರಾಮಾಣಿಕತೆಯಲ್ಲ, ಅವನ ಸ್ಥಿತಿಯನ್ನು ಬಯಲಿಗಿಟ್ಟು ತೋರಿಸಿದ ಹಾಗೆ ಎಂಬುದು ಆ ಬೇಸರದ ಸಾರ. ಮೇಷ್ಟ್ರು ಇದನ್ನು ಒಪ್ಪುತ್ತಿದ್ದರು. ಲಾರಿ ಓಡಿಸುತ್ತಿದ್ದ ಇನ್ನೊಬ್ಬರು ಒಪ್ಪುತ್ತಿರಲಿಲ್ಲ. "ಆ ಒಡೆದ ದನಿ ಇಲ್ಲದಿದ್ದರೆ ನಾನು ಅವನನ್ನು ನಂಬುತ್ತಲೇ ಇರಲಿಲ್ಲ. ನನ್ನ ಹೆಂಡತಿ ಸತ್ತ ವರ್ಷ ನಾನು ಕೇಳುತ್ತಿದ್ದದ್ದು ಅದೊಂದನ್ನೇ" ಎಂದು ಒಮ್ಮೆ ಹೇಳಿದರು. ಆ ದಿನ ಮೇಷ್ಟ್ರು ವಾದ ಮುಂದುವರಿಸಲಿಲ್ಲ.

ನಾನು ಯಾರ ಪಕ್ಷ? ತೂಗಿ ನೋಡಿದರೆ ಮೇಷ್ಟ್ರ ಪಕ್ಷ. ಆದರೆ ಕ್ಯಾಸೆಟ್ಟು ನನ್ನ ಕೈಗೆ ಸಿಕ್ಕಾಗಲೆಲ್ಲ ನಾನು ಹಾಕಿಕೊಂಡು ಕೇಳುತ್ತಿದ್ದದ್ದು ಅದೇ ಹಾಡನ್ನು.

ಅಭಿಮಾನಿಗಳ ಹಸಿವು ವಿಚಿತ್ರ. ಎರಡು ಎಲ್‌ಪಿ ಕೊಟ್ಟವನ ಹತ್ತಿರ ಮೂರನೆಯದು ಇದ್ದೇ ಇರಬೇಕು ಎಂದು ಅವರು ಹುಡುಕಿದರು. 1972ರಲ್ಲೇ ಅವನ ಹೆಸರಿನ ಸಂಘ ಹುಟ್ಟಿ, ಅವನದೇ ಹಾಡಿನ ಹೆಸರಿಟ್ಟುಕೊಂಡು 'ಟೆರಾಪಿನ್' ಎಂಬ ಪತ್ರಿಕೆ ಹೊರಡಿಸಿತು. ಸಿಡ್‌ನ ಬಗ್ಗೆ ಬರೆಯಲು ಸಿಡ್‌ನೇ ಇಲ್ಲ ಎಂಬ ಕಾರಣಕ್ಕೆ ಕೆಲವು ವರ್ಷಗಳಲ್ಲಿ ಅದು ನಿಂತಿತು. 1988ರಲ್ಲಿ ಕಂಪನಿಯವರು ಉಳಿದ ಟೇಪುಗಳನ್ನು ಕೂಡಿಸಿ 'ಓಪೆಲ್' ತಂದರು. 1993ರಲ್ಲಿ ಮೂರು ಸೀಡಿಗಳ ಪೆಟ್ಟಿಗೆ ಬಂತು. ಒಂದೇ ಹಾಡಿನ ಐದನೆಯ ಪ್ರಯತ್ನ, ಒಂಬತ್ತನೆಯ ಪ್ರಯತ್ನ ಎಂದು ಸಂಖ್ಯೆ ಹಚ್ಚಿ. 2001ರಲ್ಲಿ ಗಿಲ್ಮೋರ್ ಮನೆಯಲ್ಲಿ ಉಳಿದಿದ್ದ ಟೇಪಿನಿಂದ ಇನ್ನೊಂದು ಹಾಡು. 1971ರ ಬಿಬಿಸಿ ಕಾರ್ಯಕ್ರಮದ ಮೂಲ ಟೇಪು ಇಲ್ಲವಾಗಿ, ಯಾರೋ ರೇಡಿಯೋದಿಂದ ಹಿಡಿದಿಟ್ಟ ಕರಕರ ಸದ್ದಿನ ಪ್ರತಿಯನ್ನೇ 2004ರಲ್ಲಿ ಸೀಡಿ ಮಾಡಿ ಮಾರಿದರು. ನಮ್ಮ ಯಜಮಾನರು ಅದನ್ನೂ ಕೊಂಡರು. ಅದಕ್ಕಿಂತ ಚೆನ್ನಾದ ಪ್ರತಿ ತಮ್ಮ ಕ್ಯಾಸೆಟ್ಟಿನಲ್ಲಿದೆ ಎಂದು ಹೆಮ್ಮೆಯಿಂದ ನುಡಿಸಿ ತೋರಿಸಿದರು. ನನ್ನ ಕಿವಿಗೆ ಎರಡೂ ಒಂದೇ.

ಕಛೇರಿಗಳ ಕತೆಯೂ ಹಾಗೆಯೇ. 1970ರ ಜೂನ್ 6ರಂದು ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಗಿಲ್ಮೋರ್ ಮತ್ತು ಡ್ರಮ್ಮರ್ ಜೆರ್ರಿ ಶರ್ಲಿ ಜೊತೆ ಸಿಡ್ ವೇದಿಕೆ ಹತ್ತಿದ. ನಾಲ್ಕು ಹಾಡು. ನಾಲ್ಕನೆಯದು ಮುಗಿಯುತ್ತಿದ್ದಂತೆ ಗಿಟಾರ್ ಕೆಳಗಿಟ್ಟು ನಡೆದುಬಿಟ್ಟ. ಸಭಿಕರಲ್ಲಿ ಯಾರೋ ಮಾಡಿಕೊಂಡ ಧ್ವನಿಮುದ್ರಣದಲ್ಲಿ ಅವನ ದನಿ ಬಹುಪಾಲು ಕೇಳಿಸುವುದೇ ಇಲ್ಲ. ಆ ಕೇಳಿಸದ ದನಿಯನ್ನು ಕೇಳಲು ಐದು ಮಂದಿ ಉಸಿರು ಬಿಗಿಹಿಡಿದು ಕುಳಿತದ್ದನ್ನು ನಾನು ನೋಡಿದ್ದೇನೆ. ಸಂಗೀತಕ್ಕಾಗಿ ಅಷ್ಟು ಏಕಾಗ್ರತೆಯಿಂದ ಕುಳಿತವರನ್ನು ನಾನು ಕಂಡದ್ದು ಕಡಿಮೆ.

ಕೊನೆಯವು ಕೇಂಬ್ರಿಜ್‌ನಲ್ಲೇ ನಡೆದವು. 1972ರ ಆರಂಭದಲ್ಲಿ ಟ್ವಿಂಕ್, ಜ್ಯಾಕ್ ಮಂಕ್ ಎಂಬಿಬ್ಬರು ಸಿಡ್‌ನನ್ನು ಮನವೊಲಿಸಿ 'ಸ್ಟಾರ್ಸ್' ಎಂಬ ಗುಂಪು ಕಟ್ಟಿದ್ದರು. ಫೆಬ್ರವರಿ 24ರಂದು ಕಾರ್ನ್ ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಹಿಂದೆ ಧಾನ್ಯದ ವ್ಯಾಪಾರ ನಡೆಯುತ್ತಿದ್ದ ದೊಡ್ಡ ಕಟ್ಟಡದಲ್ಲಿ, ಅವರ ಕಾರ್ಯಕ್ರಮವಿತ್ತು. ನಮ್ಮ ಯಜಮಾನರು ಅಲ್ಲಿದ್ದರು, ಆಗ ಹತ್ತೊಂಬತ್ತರ ಹುಡುಗ. "ಮೈಕು ಸರಿಯಿರಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ನಾನು ಎದ್ದು ಹೋಗಲಿಲ್ಲ ಅನ್ನುವುದೊಂದೇ ನನಗಿರುವ ಸಮಾಧಾನ" ಎನ್ನುತ್ತಿದ್ದರು. ಲಂಡನ್ನಿನ ವಾರಪತ್ರಿಕೆಯ ವಿಮರ್ಶೆ ಬಂತು. ಕೆಲವೇ ದಿನಗಳಲ್ಲಿ ಸ್ಟಾರ್ಸ್ ಮುಗಿಯಿತು.

ಮೂರು ವರ್ಷದ ಬಳಿಕ, 1975ರ ಜೂನ್ 5ರಂದು, ಪಿಂಕ್ ಫ್ಲಾಯ್ಡ್ ಅವನ ಮೇಲಿನ ಹಾಡಿರುವ ಎಲ್‌ಪಿ ಮುಗಿಸುತ್ತಿದ್ದಾಗ ಸ್ಟುಡಿಯೋಗೆ ಒಬ್ಬ ದಪ್ಪನೆಯ ಮನುಷ್ಯ ಬಂದು ನಿಂತಿದ್ದ. ತಲೆ ಬೋಳು, ಹುಬ್ಬೂ ಬೋಳು. ಯಾರಿರಬಹುದು ಎಂದು ಎಲ್ಲರೂ ನೋಡುತ್ತಿದ್ದರು. ಅವನ ಮೇಲೆ ಹಾಡು ಕಟ್ಟಿದವರಿಗೇ ಅವನ ಗುರುತು ಸಿಗಲು ಹೊತ್ತು ಹಿಡಿಯಿತು. ಗುರುತು ಸಿಕ್ಕ ಮೇಲೆ ಕೆಲವರು ಅತ್ತರಂತೆ.

ಈವರೆಗೆ ನಾನು 'ಅವನು' ಎಂದು ಬರೆದೆ. ಅಭಿಮಾನಕ್ಕೆ ಏಕವಚನವೇ ಸಲೀಸು. ನಾವು ದೊಡ್ಡ ನಟರನ್ನೂ ಹಾಗೆಯೇ ಕರೆಯುತ್ತೇವೆ. ಇಂಗ್ಲಿಷಿನಲ್ಲಿ ಈ ತೊಡಕಿಲ್ಲ. ಆದರೆ ಇನ್ನು ಮುಂದಿನ ಮನುಷ್ಯನನ್ನು ಹಾಗೆ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕೇಂಬ್ರಿಜ್‌ಗೆ ಮರಳಿ, ಸಿಡ್ ಎಂಬ ಹೆಸರನ್ನು ಕಳಚಿಟ್ಟು, ತಾಯಿಯ ಮನೆ ಸೇರಿದವರು ರೋಜರ್ ಬ್ಯಾರೆಟ್. ಚಿತ್ರ ಬರೆಯುತ್ತಿದ್ದರು. ಬರೆದದ್ದರ ಫೋಟೋ ತೆಗೆದಿಟ್ಟುಕೊಂಡು ಎಷ್ಟೋ ಚಿತ್ರಗಳನ್ನು ನಾಶ ಮಾಡುತ್ತಿದ್ದರು. ತೋಟ ನೋಡಿಕೊಳ್ಳುತ್ತಿದ್ದರು, ಸೈಕಲ್ ತುಳಿದು ಪೇಟೆಗೆ ಹೋಗಿ ಸಾಮಾನು ತರುತ್ತಿದ್ದರು. ಹಳೆಯ ಹಾಡುಗಳ ಹಣ ಸರಿಯಾಗಿ ಬರುವಂತೆ ಗಿಲ್ಮೋರ್ ನೋಡಿಕೊಂಡಿದ್ದರು. ಹತ್ತಿರದಲ್ಲೇ ಇದ್ದ ತಂಗಿ ಬೇಕುಬೇಡ ವಿಚಾರಿಸಿಕೊಳ್ಳುತ್ತಿದ್ದರು. ಅವರು ಕೇಳಿಕೊಂಡದ್ದು ಒಂದೇ: ಅಣ್ಣನನ್ನು ಅವನ ಪಾಡಿಗೆ ಬಿಡಿ. ಜನ ಬಿಡಲಿಲ್ಲ. ಬಾಗಿಲು ತಟ್ಟಿದರು, ಹೊಂಚು ಹಾಕಿ ಫೋಟೋ ತೆಗೆದರು, ಆ ಫೋಟೋಗಳನ್ನು ಪತ್ರಿಕೆಗಳು ಅಚ್ಚು ಹಾಕಿದವು.

ನಮ್ಮ ಕೂಟಕ್ಕೆ ಯಜಮಾನರು ಒಂದು ನಿಯಮ ಮಾಡಿದ್ದರು. ಈ ಮನೆಗೆ ಬರುವ ಯಾರೂ ಆ ರಸ್ತೆಗೆ ಹೋಗಕೂಡದು. ಪೇಟೆಯಲ್ಲಿ ಎದುರಾದರೆ ಅಂಗಡಿಯ ಕಿಟಕಿ ನೋಡುತ್ತ ನಿಲ್ಲಬೇಕು. ತಾವು ಹಾಗೆ ಎಷ್ಟೋ ಸಲ ನಿಂತಿದ್ದೇನೆ ಎನ್ನುತ್ತಿದ್ದರು.

2006ರ ಮೇ ತಿಂಗಳ ಒಂದು ಭಾನುವಾರ ನಾನು ಆ ನಿಯಮ ಮುರಿದೆ. ಅವರದೇ ಸೈಕಲ್ ತೆಗೆದುಕೊಂಡು, ಜೇಬಿನಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡು ಹೋದೆ. ಯಾಕೆ ಹೋದೆ? ಬೆಂಗಳೂರಿನ ಗೆಳೆಯನಿಗೆ ಒಂದು ಫೋಟೋ ಕಳಿಸಬೇಕೆಂಬ ಆಸೆ ಇತ್ತು, ಸುಳ್ಳೇಕೆ. ರಸ್ತೆಯ ಹೆಸರು ಬರೆಯುವುದಿಲ್ಲ. ಸಾಮಾನ್ಯರು ಬದುಕುವ ಸಾಮಾನ್ಯ ರಸ್ತೆ ಅದು. ಒಂದಕ್ಕೊಂದು ಅಂಟಿದ ಜೋಡಿ ಮನೆಗಳು. ತಿರುವಿನಲ್ಲಿ ಸೈಕಲ್ ನಿಲ್ಲಿಸಿ, ಚೈನು ಸರಿ ಮಾಡುವವನಂತೆ ಬಗ್ಗಿದೆ. ಬಾಗಿಲು ಮುಚ್ಚಿತ್ತು. ಎದುರಿನಿಂದ ಬಂದ ಮುದುಕಿಯೊಬ್ಬಳು ಸಾಮಾನಿನ ಚೀಲ ಎಳೆದುಕೊಂಡು ಹೋಗುತ್ತ ನನ್ನನ್ನು ಒಮ್ಮೆ ನೋಡಿದಳು. ಸಿಟ್ಟಿರಲಿಲ್ಲ. ಎಷ್ಟೋ ವರ್ಷಗಳಿಂದ ಇಂಥವರನ್ನು ನೋಡಿ ದಣಿದ ಕಣ್ಣು. ನೀನೂ ಬಂದೆಯಾ ಎಂದ ಹಾಗಿತ್ತು. ನಾನು ಸೈಕಲ್ ಹತ್ತಿ ಬಂದುಬಿಟ್ಟೆ. ಕ್ಯಾಮೆರಾ ಹೊರತೆಗೆಯಲಿಲ್ಲ. ಅದು ನನ್ನ ಒಳ್ಳೆಯತನವಲ್ಲ, ಕೈ ನಡುಗುತ್ತಿತ್ತು.

ಎರಡು ತಿಂಗಳೂ ಕಳೆದಿರಲಿಲ್ಲ. ಜುಲೈ 7ರಂದು ರೋಜರ್ ಬ್ಯಾರೆಟ್ ತೀರಿಕೊಂಡರು. 60 ವರ್ಷ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಸುದ್ದಿ ಹೊರಬಿದ್ದದ್ದು 11ಕ್ಕೆ. ಅದೇ ವರ್ಷ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ನಿಧನರಾದಾಗ ಬೆಂಗಳೂರು ಹೊತ್ತಿ ಉರಿದು ಜೀವಗಳು ಹೋದದ್ದನ್ನು ನಾನು ಫೋನಿನಲ್ಲಿ ಕೇಳಿ ಯಜಮಾನರಿಗೆ ಹೇಳಿದ್ದೆ. ಅವರು ತಮ್ಮ ಅಭಿಮಾನಿಗಳನ್ನು ದೇವರುಗಳೆಂದು ಕರೆಯುತ್ತಿದ್ದರು ಎಂದೂ ಹೇಳಿದ್ದೆ. ಆ ಮಾತು ಯಜಮಾನರಿಗೆ ನೆನಪಿತ್ತು. "ನಮ್ಮವರು ನಮ್ಮನ್ನು ಏನೆಂದು ಕರೆಯುತ್ತಿದ್ದರೋ" ಎಂದರು.

ಆ ರಾತ್ರಿ ನಾನು ಭಾನುವಾರದ ವಿಷಯ ಬಾಯಿಬಿಟ್ಟೆ. ಬೈಯುತ್ತಾರೆ, ಬೇರೆ ಕೋಣೆ ಹುಡುಕಿಕೋ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಎಲ್‌ಪಿಯೊಂದನ್ನು ಬಟ್ಟೆಯಿಂದ ಒರೆಸುತ್ತಿದ್ದರು. "ನಾನೂ ಹೋಗಿದ್ದೆ" ಎಂದರು. "1983ರಲ್ಲಿ. ನೀನು ತಿರುವಿನಿಂದ ವಾಪಸು ಬಂದೆ. ನಾನು ಬಾಗಿಲು ತಟ್ಟಿದೆ."

"ತೆರೆದರಾ?"

ಅವರು ಎಲ್‌ಪಿಯನ್ನು ಬೆಳಕಿಗೆ ಹಿಡಿದು ನೋಡಿದರು, ಇನ್ನೊಮ್ಮೆ ಒರೆಸಿದರು. ಉತ್ತರ ಹೇಳಲಿಲ್ಲ. ಆ ನಿಯಮ ಎಲ್ಲಿಂದ ಬಂತೆಂಬುದು ನನಗೆ ಅಂದು ಅರ್ಥವಾಯಿತು.

ನವೆಂಬರಿನಲ್ಲಿ ಅವರ ಮನೆಯ ವಸ್ತುಗಳ ಹರಾಜು ಕೇಂಬ್ರಿಜ್‌ನಲ್ಲೇ ನಡೆಯಿತು. ಕೈಯಾರೆ ಮಾಡಿ ಬಣ್ಣ ಬಳಿದ ಪೀಠೋಪಕರಣ, ಸೈಕಲ್ಲು, ಟಿಪ್ಪಣಿ ಪುಸ್ತಕ, ಉಳಿದಿದ್ದ ಚಿತ್ರಗಳು. ಒಂದು ಲಕ್ಷ ಪೌಂಡಿಗೂ ಮೇಲೆ ಹಣ ಬಂತು. ಅದು ಕಲೆ ಕಲಿಯುವ ಮಕ್ಕಳಿಗೆಂದು. ಯಜಮಾನರು ನೋಡಿಬಂದರು, ಕೂಗಲಿಲ್ಲ. ಮುಂದಿನ ತಿಂಗಳು ನಾನು ಊರಿಗೆ ಮರಳಿದೆ.

ಇನ್ನು ಆ ರಮದಾನ್ ವಿಷಯ. ಆ ಸಂಜೆ ಉಪವಾಸ ಬಿಟ್ಟ ಮೇಲೆ ಮೇಷ್ಟ್ರು ಎಲ್ಲ ವಿವರಿಸಿದ್ದರು. 1968ರ ಮೇನಲ್ಲಿ ಧ್ವನಿಮುದ್ರಣವಾದದ್ದು, ಮಾತಿಲ್ಲದ ವಾದ್ಯಸಂಗೀತ, ಸುಮಾರು ಇಪ್ಪತ್ತು ನಿಮಿಷ. ಮರುವರ್ಷ ಸಿಡ್ ಅದಕ್ಕೆ ಮೋಟಾರ್‌ಬೈಕಿನ ಸದ್ದು ಸೇರಿಸಲು ಹೊರಟು, ಬೈಕಿನ ಶಬ್ದ ತುಂಬಿದ ಕ್ಯಾಸೆಟ್ ತಂದಿದ್ದನಂತೆ. ಇಂಗ್ಲಿಷಿನಲ್ಲಿ ಹೆಸರು ಬರೆಯುವಾಗ ಆರ್ ಅಕ್ಷರದ ಪಕ್ಕ ಒಂದು ಬೇಡದ ಎಚ್ ಬೇರೆ. ಆ ಕಾಲದ ಇಂಗ್ಲಿಷ್ ಹುಡುಗರಿಗೆ ಪೂರ್ವದ ಪದಗಳೆಲ್ಲ ಮಂತ್ರದ ಹಾಗೆ ಕೇಳಿಸುತ್ತಿದ್ದವು. ಅವನ ಮೊದಲ ಎಲ್‌ಪಿಯಲ್ಲಿ ಚೀನಾದ ಪ್ರಾಚೀನ ಶಕುನಗ್ರಂಥದಿಂದ ಹುಟ್ಟಿದ ಹಾಡೂ ಇದೆ. ಅದಕ್ಕೂ ಮೊದಲು, ಪಂಜಾಬಿನ ಸಂತ ಪರಂಪರೆಯೊಂದರ ಗುರುವಿನ ಬಳಿ ದೀಕ್ಷೆ ಕೇಳಿದಾಗ, ಇನ್ನೂ ಚಿಕ್ಕವನು, ಮೊದಲು ಓದು ಮುಗಿಸು ಎಂದು ವಾಪಸು ಕಳಿಸಿದ್ದರೆಂದು ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಅವನೂ ಒಂದು ಬಾಗಿಲು ತಟ್ಟಿದ್ದ.

2010ರ ಅಕ್ಟೋಬರಿನಲ್ಲಿ ಹೊಸ ಸಂಕಲನವೊಂದರ ಜೊತೆ ಕಂಪನಿ ಆ 'ರಮದಾನ್' ಅನ್ನು ಬಿಡುಗಡೆ ಮಾಡಿತು. 42 ವರ್ಷದ ಮೇಲೆ. ನಮ್ಮ ನಿಜವಾದ ರಮಝಾನ್ ಮುಗಿದು ಒಂದು ತಿಂಗಳಾಗಿತ್ತು. ಬೆಂಗಳೂರಿನ ಗೆಳೆಯ ಕಳಿಸಿಕೊಟ್ಟ. ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಹಾಕಿ ಕುಳಿತೆ. ಕೈಡೋಲಿನ ಬಡಿತ ಬರುತ್ತದೆ, ಅತ್ತಿತ್ತ ಅಲೆಯುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಉಪವಾಸವೂ ಇಲ್ಲ, ಚಂದ್ರನೂ ಇಲ್ಲ. ಹನ್ನೆರಡನೆಯ ನಿಮಿಷಕ್ಕೆ ಹೆಂಡತಿ ಅಡುಗೆಮನೆಯಿಂದಲೇ, "ಅದೇನ್ರೀ ಆ ಸದ್ದು, ಏನಾದ್ರೂ ಕೆಟ್ಟಿದೆಯಾ?" ಎಂದಳು. ನಾನು ಪೂರ್ತಿ ಕೇಳಿದೆ. ಒಬ್ಬ ಇಪ್ಪತ್ತೆರಡರ ಹುಡುಗ, ಗೆಳೆಯರು ಬಿಟ್ಟುಹೋದ ನಾಲ್ಕು ತಿಂಗಳಿಗೆ, ಒಂದು ಕೋಣೆಯಲ್ಲಿ ಕುಳಿತು ದಾರಿ ಹುಡುಕುತ್ತಿದ್ದಾನೆ. ಸಿಗುತ್ತಿಲ್ಲ. ಅಷ್ಟೇ ಅದರಲ್ಲಿರುವುದು. ಅದನ್ನು ನಾವೆಲ್ಲ ಕೇಳಬೇಕಿತ್ತೇ?

ಕೇಂಬ್ರಿಜ್‌ನ ಯಜಮಾನರಿಗೆ ಇಮೇಲ್ ಬರೆದೆ, ಹೇಗನ್ನಿಸಿತು ಎಂದು. ವಾರದ ಮೇಲೆ ಉತ್ತರ ಬಂತು. ತರಿಸಿಕೊಂಡಿದ್ದಾರೆ, ಕಂಪ್ಯೂಟರಿನಲ್ಲಿದೆ, ಇನ್ನೂ ಹಾಕಿಲ್ಲ. ಮೇಷ್ಟ್ರು ಫೋನ್ ಮಾಡಿ ಮಾಡಿ ಒತ್ತಾಯಿಸುತ್ತಿದ್ದಾರಂತೆ. "ಒಂದಾದರೂ ಅವರ ಹತ್ತಿರವೇ ಇರಲಿ ಅನ್ನಿಸುತ್ತಿದೆ" ಎಂದು ಬರೆದಿದ್ದರು. ಕೆಳಗೆ, ಮಗಳ ಮದುವೆಯ ಸುದ್ದಿ. ಸೈಕಲ್ಲಿನ ಚೈನು ಕೊನೆಗೂ ತುಂಡಾಯಿತೆಂಬ ಸುದ್ದಿ.

ಆಮೇಲೂ ಎಷ್ಟೋ ವರ್ಷ ಹಬ್ಬಕ್ಕೆ, ಕ್ರಿಸ್‌ಮಸ್‌ಗೆ ಒಬ್ಬರಿಗೊಬ್ಬರು ಬರೆದುಕೊಂಡೆವು. 2016ರಲ್ಲಿ ಕಾರ್ನ್ ಎಕ್ಸ್‌ಚೇಂಜ್‌ನಲ್ಲಿ ಸಿಡ್‌ನ ನೆನಪಿಗೆ ಒಂದು ಕಲಾಕೃತಿ ನಿಲ್ಲಿಸಿದಾಗ ಅದರ ಫೋಟೋ ಕಳಿಸಿದ್ದರು. ಆ ಇಪ್ಪತ್ತು ನಿಮಿಷವನ್ನು ಅವರು ಕೇಳಿದರೋ ಇಲ್ಲವೋ, ನಾನು ಕೇಳಲಿಲ್ಲ.